ಜಿಲ್ವಪ್ಪನ ಎದೆಯ ಗುಟ್ಟು

ಬ್ರೆಜಿಲ್ಲಿನಿಂದ ಫುಟ್‌ಬಾಲ್ ಆಟಗಾರ ಬರುತ್ತಾನೆ ಅಂದ ಕೂಡಲೇ ಕೆನಡಾದ ಒಶಾವಾ ಊರಿನ ಜನ ಕಾಲಲ್ಲಿ ಚೆಂಡು ಕುಣಿಸುವ ಮಾಂತ್ರಿಕನನ್ನೇ ಕಾಯುತ್ತ ಕೂತಿದ್ದರು. ಬಂದವನು ಜಿಲ್ವಾನ್. ಚೆಂಡು ಕುಣಿಸುವ ವಿದ್ಯೆ ಅವನಿಗೆ ಅಷ್ಟಕ್ಕಷ್ಟೇ. ಆರಡಿ ಮೀರಿದ ಆಳು, ಗೋಲಿನ ಮುಂದೆ ಗೂಟ ಹೊಡೆದ ಹಾಗೆ ನಿಂತು, ಬಂದ ಚೆಂಡಿಗೆ ಹಣೆ ಕೊಟ್ಟು ಒಳಗೆ ತಳ್ಳುತ್ತಿದ್ದ. ಇವನೆಂಥ ಬ್ರೆಜಿಲಿನವನಪ್ಪಾ ಎಂದು ಮೊದಲ ತಿಂಗಳು ಎಲ್ಲರೂ ಮೂಗು ಮುರಿದರು. ಆಮೇಲೆ ಗೋಲು ಬೀಳತೊಡಗಿದವು, ಬಾಯಿ ಮುಚ್ಚಿದರು.

ಅವನ ಊರು ಬ್ರೆಜಿಲ್ಲಿನ ಈಶಾನ್ಯದ ಒಣ ಸೀಮೆಯಲ್ಲಿ. ಮೀಸೆ ಚಿಗುರುವ ಹೊತ್ತಿಗೇ ಪೋರ್ಚುಗಲ್ಲಿನ ಮೂರನೇ ದರ್ಜೆಯ ಕ್ಲಬ್ಬೊಂದಕ್ಕೆ ಆಡಲು ಹೋದ. ಅಲ್ಲಿಂದ ರೊಮೇನಿಯಾ, ಅಲ್ಲಿಂದ ಫಿನ್ಲೆಂಡ್. ಎಲ್ಲಿ ಹೋದರೂ ಅವನಿಗಿಂತ ಮೊದಲು ಅವನ ದೇಶದ ಹೆಸರು ಹೋಗಿ ಕೂತಿರುತ್ತಿತ್ತು. ಅದಕ್ಕೆ ತಕ್ಕ ಹಾಗೆ ಆಡಿ ತೋರಿಸುವುದರಲ್ಲೇ ಪಾಪ ಅವನ ಅರ್ಧ ಜೀವ ಹೋಗುತ್ತಿತ್ತು. 2016ರ ವಸಂತದಲ್ಲಿ ಒಶಾವಾದ ಸಣ್ಣ ಕ್ಲಬ್ಬೊಂದಕ್ಕೆ ಸ್ಟ್ರೈಕರ್ ಆಗಿ ಬಂದಾಗ ಅವನಿಗೆ ಇಪ್ಪತ್ತಾರು. ಕ್ಲಬ್ಬಿನವರು ಅವನಿಗೆ ಹುಡುಕಿಕೊಟ್ಟ ಬೇಸ್‌ಮೆಂಟು ಧಾರವಾಡದ ದ್ಯಾಮವ್ವನ ಮನೆಯದು.

ದ್ಯಾಮವ್ವ ಊರಿನ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಗಂಡ ಮುರಿಗೆಪ್ಪ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದ. ಒಬ್ಬಳೇ ಮಗಳು ದೀಪಶ್ರೀ ದಿನಾ 401 ಹೈವೇ ಹಿಡಿದು ಕಾರಿನಲ್ಲಿ ಕಾಲೇಜಿಗೆ ಹೋಗಿ ಬರುತ್ತಿದ್ದಳು. ದ್ಯಾಮವ್ವನ ಬಾಯಿ ಜೋರು, ಕರುಳು ಮೆತ್ತಗೆ. ಬಾಡಿಗೆಯ ಮಾತಾಡಿ ಮುಗಿಸುವ ಮೊದಲೇ ಅವಳು ಆ ಹುಡುಗನ ಮುಂದೆ ಜೋಳದ ರೊಟ್ಟಿ, ಎಣಗಾಯಿ ಇಟ್ಟಾಗಿತ್ತು. ವಾರದೊಳಗೆ ಜಿಲ್ವಾನ್ ಹೋಗಿ ಜಿಲ್ವಪ್ಪ ಆದ. ಅವನೂ ಅವಳನ್ನು "ಅವ್ವಾ" ಅನ್ನತೊಡಗಿದ. ಅವನ ಇಂಗ್ಲಿಷು ಕುಂಟು, ಇವಳದು ಇನ್ನೂ ಕುಂಟು, ನಡುನಡುವೆ ಕಲಿತ ನಾಲ್ಕು ಕನ್ನಡ ಮಾತು. ಆದರೂ ಇಬ್ಬರೂ ಗಂಟೆಗಟ್ಟಲೆ ಹರಟುತ್ತಿದ್ದರು. ಅವನ ಮಾತನ್ನು ದ್ಯಾಮವ್ವನಿಗೆ ತಿಳಿದ ಹಾಗೆಯೇ ಇಲ್ಲಿ ಹೇಳಿದ್ದೇನೆ.

ಆ ಮನೆಯಲ್ಲಿ ಆಣೆ ಅನ್ನುವುದು ಉಪ್ಪಿನ ಹಾಗೆ, ಎಲ್ಲದಕ್ಕೂ ಬೇಕು. "ಊಟಾ ಮಾಡೀ? ನನ್ನ ಆಣಿ ಮಾಡು." "ಸ್ಪೀಡಾಗಿ ಹೊಡದಿಲ್ಲ ಹೌದಿಲ್ಲೋ? ನಿಮ್ಮಪ್ಪನ ಆಣಿ?" ದೀಪಶ್ರೀ "ಅಮ್ಮಾ, ಸ್ಟಾಪ್ ಇಟ್" ಅಂತ ಕಣ್ಣು ತಿರುಗಿಸಿದರೂ ಆಣೆ ಮಾಡದೆ ಮೇಲೆ ಹೋಗುವಂತಿರಲಿಲ್ಲ. ಜಿಲ್ವಪ್ಪನಿಗೆ ಇದೆಲ್ಲ ಬಲು ಮೋಜು. ಒಂದು ದಿನ ಇದರ ಅರ್ಥ ಏನೆಂದು ಕೇಳಿದಾಗ ದ್ಯಾಮವ್ವ ಬಿಡಿಸಿ ಹೇಳಿದಳು. ತನ್ನ ಮೇಲೆ ತಾನು ಆಣೆ ಮಾಡಿದರೆ ಹೇಗೋ ತಪ್ಪಿಸಿಕೊಳ್ಳಬಹುದು. ಹೆತ್ತ ಮಗುವಿನ ತಲೆ ಮುಟ್ಟಿ ಮಾಡಿದ್ದನ್ನು ಮುರಿದರೆ ಮಾತ್ರ ಅದು ಆ ಮಗುವಿಗೇ ತಟ್ಟುತ್ತದೆ. ಹೇಳುವಾಗಲೇ ಅವಳು ಎರಡೂ ಕೆನ್ನೆ ಮುಟ್ಟಿಕೊಂಡು "ಶಿವ ಶಿವಾ" ಅಂದಿದ್ದಳು. ಅವನು ಕಿವಿಗೊಟ್ಟು ಕೇಳಿಸಿಕೊಂಡ. ಅಲ್ಲಾ, ಇಂಥದ್ದನ್ನೆಲ್ಲ ಬಾಡಿಗೆಯವನಿಗೆ ಕಲಿಸಿಕೊಡುವ ದರ್ದು ಏನಿತ್ತು ಈ ಹೆಂಗಸಿಗೆ?

ಮರುವರ್ಷದ ಫೆಬ್ರವರಿ. ರಾತ್ರಿಯಿಡೀ ಬಿದ್ದ ಹಿಮ ಮನೆಯ ಮುಂದೆ ಮೊಣಕಾಲುದ್ದ ನಿಂತಿತ್ತು. ಮುರಿಗೆಪ್ಪ ಶಿಫ್ಟಿಗೆ ಹೋಗಿದ್ದ. "ನಾ ತಗೀತೀನಿ ಅವ್ವಾ" ಅಂತ ಜಿಲ್ವಪ್ಪ ಸಲಿಕೆ ಹಿಡಿದು ಹೊರಗೆ ಹೋದ. ದ್ಯಾಮವ್ವ ಚಹಾಕ್ಕೆ ನೀರಿಟ್ಟು ಕಿಟಕಿಯಿಂದ ನೋಡುತ್ತಿದ್ದಳು. ಹಾಡು ಗುನುಗುತ್ತ ಹಿಮ ಎತ್ತಿ ಹಾಕುತ್ತಿದ್ದವನು ಇದ್ದಕ್ಕಿದ್ದಂತೆ ನಿಂತ. ಸಲಿಕೆ ಕೈಯಿಂದ ಜಾರಿತು. ಕೈ ಮುಂದೆ ಚಾಚಿ ತಡೆದುಕೊಳ್ಳಲೂ ಇಲ್ಲ, ಮುಖ ಅಡಿಯಾಗಿ ಹಿಮದೊಳಗೆ ಬಿದ್ದುಬಿಟ್ಟ.

ದ್ಯಾಮವ್ವ ಬರಿಗಾಲಲ್ಲೇ ಓಡಿದಳು. ಹೊರಳಿಸಿ ನೋಡಿದರೆ ಕಣ್ಣು ಅರೆತೆರೆದಿವೆ, ಅವುಗಳಲ್ಲಿ ನೋಟವಿಲ್ಲ. ತುಟಿ ನೀಲಿಯಾಗಿದೆ. "ಯಪ್ಪಾ! ಜಿಲ್ವಪ್ಪಾ! ಏಳೋ ನನ ಮಗನ!" ಅಂತ ಕೆನ್ನೆಗೆ ಹೊಡೆದಳು, ಎದೆಗೆ ಗುದ್ದಿದಳು. ಗುದ್ದಿದ್ದಕ್ಕೋ ತಾನಾಗಿಯೋ, ಅವನು ನೀರಿನಿಂದ ಮೇಲೆ ಬಂದವನಂತೆ ಉಸಿರೆಳೆದ. ಎಚ್ಚರಾದ ಮೇಲೆ ಮೊದಲು ಮಾಡಿದ್ದೇನು ಗೊತ್ತೇ? ಯಾರಾದರೂ ನೋಡಿದರೇ ಎಂದು ಬೀದಿಯ ಆಚೆ ಈಚೆ ಕಣ್ಣು ಹಾಯಿಸಿದ್ದು.

ಒಳಗೆ ಬಂದು ಕಂಬಳಿ ಹೊದ್ದು ಕೂತ ಮೇಲೆ ಎಲ್ಲ ಹೇಳಿದ. ಅವನಪ್ಪ ಮೂಟೆ ಹೊರುತ್ತಿದ್ದವನು, ಮೂವತ್ತೈದು ದಾಟುವ ಮೊದಲೇ ಮೂಟೆಯ ಸಮೇತ ಕುಸಿದು ಸತ್ತಿದ್ದ. ಫಿನ್ಲೆಂಡಿನಲ್ಲಿ ಡಾಕ್ಟರು ಇವನ ಎದೆಗೆ ವೈರು ಹಚ್ಚಿ ನೋಡಿ, ಹೃದಯದ ಗೋಡೆ ದಪ್ಪಗಾಗಿದೆ, ಇನ್ನು ಆಡಬೇಡ ಅಂದಿದ್ದ. ಆ ವಾರವೇ ಕ್ಲಬ್ಬು ಕೈಬಿಟ್ಟಿತು. ಇವನು ತುಟಿ ಬಿಚ್ಚದೆ ಕೆನಡಾಕ್ಕೆ ಬಂದ. ಸಣ್ಣ ಕ್ಲಬ್ಬು, ಕೇಳಿದವರಿಲ್ಲ, ಇವನು ಹೇಳಲಿಲ್ಲ.

"ಹುಚ್ಚಪ್ಪ! ಇವತ್ತ ಕೋಚಗ ಫೋನ್ ಹಚ್ಚತೀನಿ" ಅಂತ ದ್ಯಾಮವ್ವ ಎದ್ದಳು.

ಜಿಲ್ವಪ್ಪ ಅವಳ ಮಣಿಕಟ್ಟು ಹಿಡಿದ. "ಅವ್ವಾ, ಈ ಬ್ಯಾಸಗಿಗೆ ಯುರೋಪಿನ ದೊಡ್ಡ ಕ್ಲಬ್ಬಿನವರು ನನ್ನ ನೋಡಾಕ ಬರ್ತಾರ. ಆಟ ಬಿಟ್ಟರ ನನಗ ಬ್ಯಾರೆ ಏನೂ ಬರೂದಿಲ್ಲ. ಆಟ ಇಲ್ಲಂದ್ರ ನಾ ಯಾರೂ ಅಲ್ಲ." ದೀಪಶ್ರೀ ಅಲ್ಲೇ ಸೋಫಾದ ಮೇಲೆ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಕಾಲೇಜಿಗೆ ಹಿಮದ ರಜೆಯೆಂದು ನಿದ್ದೆ ಹೊಡೆಯುತ್ತಿದ್ದಳು. ಅವನು ದ್ಯಾಮವ್ವನ ಕೈಯನ್ನು ಮೆಲ್ಲಗೆ ಎಳೆದು ಆ ಮಲಗಿದ ಹುಡುಗಿಯ ತಲೆಯ ಮೇಲೆ ಇಟ್ಟುಬಿಟ್ಟ. "ಯಾರಿಗೂ ಹೇಳೂದಿಲ್ಲ ಅನ್ನು. ದೀಪಾನ ಆಣಿ."

ಕೈ ಎಳೆದುಕೊಳ್ಳಬೇಕಿತ್ತು. ಅವನ ಮುಖ ನೋಡಿದಳು, ಅಳು ತಡೆಯಲು ತುಟಿ ಕಚ್ಚಿಕೊಂಡಿದ್ದ. ಬಾಯಿಂದ "ಹೂಂ" ಬಂದುಬಿಟ್ಟಿತು. ಮರುಗಳಿಗೆಯೇ ಬೆಂಕಿ ಮುಟ್ಟಿದವಳಂತೆ ಕೈ ತೆಗೆದಳು. ಮಗಳಿಗೆ ಎಚ್ಚರವೂ ಆಗಲಿಲ್ಲ.

ಅಲ್ಲಿಂದ ದ್ಯಾಮವ್ವ ಇಕ್ಕಟ್ಟಿಗೆ ಸಿಕ್ಕಳು. ಹೇಳಿದರೆ ಮಗಳಿಗೆ ತಟ್ಟುತ್ತದೆ, ಹೇಳದಿದ್ದರೆ ಈ ಹುಡುಗ ಯಾವತ್ತಾದರೊಂದು ದಿನ ಹುಲ್ಲಿನ ಮೇಲೆ ಬಿದ್ದು ಏಳುವುದಿಲ್ಲ. ಬೆಳಿಗ್ಗೆ ದೀಪಶ್ರೀಯ ಕಾರು ತಿರುವು ದಾಟಿ ಮರೆಯಾಗುವ ತನಕ ಬಾಗಿಲಲ್ಲಿ ನಿಲ್ಲುವಳು. ಕೆಳಗೆ ಬೇಸ್‌ಮೆಂಟಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಮೆಟ್ಟಿಲ ಬಾಯಲ್ಲಿ ನಿಂತು "ಜಿಲ್ವಪ್ಪಾ, ಚಾ ಬೇಕೇನೋ?" ಅನ್ನುವಳು. ಅವನು ಓಗೊಟ್ಟ ಮೇಲೆ ಚಹಾ ಕೊಡುವುದನ್ನೇ ಮರೆಯುವಳು. ಒಮ್ಮೆ ಗಂಡನ ಮುಂದೆ ಯಾರದೋ ಕಥೆಯಂತೆ ಬಾಯಿಬಿಟ್ಟು ನೋಡಿದಳು. ಮುರಿಗೆಪ್ಪ ಟೀವಿಯಿಂದ ಕಣ್ಣು ಕೀಳದೆ "ಊರ ಉಸಾಬರಿ ನಿನಗ್ಯಾಕಲೇ?" ಅಂದ. ಆ ಬಾಗಿಲೂ ಮುಚ್ಚಿತು.

ಮೇ ತಿಂಗಳಿಗೆ ಆಟ ಶುರುವಾದವು. ಜನ್ಮದಲ್ಲಿ ಫುಟ್‌ಬಾಲ್ ನೋಡದವಳು ಒಂದು ಪಂದ್ಯವನ್ನೂ ಬಿಡದೆ ಹೋಗಿ ಕೂತಳು. ದ್ಯಾಮವ್ವಗ ಈ ವಯಸ್ಸಿನಾಗ ಚೆಂಡಿನ ಹುಚ್ಚು ಹಿಡದೈತಿ ಅಂತ ಕನ್ನಡ ಸಂಘದ ಹೆಂಗಸರು ನಕ್ಕರು. ಅವಳು ಚೆಂಡನ್ನು ನೋಡಿದ್ದರೆ ಕೇಳಿ! ಅವನ ಎದೆ ಏರಿಳಿಯುವುದನ್ನು ನೋಡುತ್ತಿದ್ದಳು. ಗೋಲು ಬಿದ್ದು ಎಲ್ಲರೂ ಎದ್ದು ಕೂಗುವಾಗ ಇವಳೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ಕೂತಿರುತ್ತಿದ್ದಳು. ಗೋಲುಗಳಂತೂ ಬೀಳುತ್ತಲೇ ಇದ್ದವು. ಬದುಕಿನಲ್ಲಿ ಅಷ್ಟು ಚೆನ್ನಾಗಿ ಅವನು ಎಂದೂ ಆಡಿರಲಿಲ್ಲ.

ಜುಲೈನಲ್ಲಿ ಹತ್ತಿರದ ಅರೋರಾ ಊರಿನಲ್ಲಿ ಪಂದ್ಯ. ಯುರೋಪಿನಿಂದ ನೋಡಲು ಬಂದವನು ಬಿಳಿ ಟೋಪಿ ಹಾಕಿಕೊಂಡು ಮೊದಲ ಸಾಲಿನಲ್ಲೇ ಕೂತಿದ್ದ. ಸುಡುಬಿಸಿಲು. ಪಂದ್ಯ ಮುಗಿದ ಮೇಲೆ ಅವ್ವನನ್ನು ಕರೆದೊಯ್ಯಲು ದೀಪಶ್ರೀ ಕಾಲೇಜಿನಿಂದ ನೇರ ಅಲ್ಲಿಗೇ ಬರುವವಳಿದ್ದಳು.

ಎರಡನೇ ಅರ್ಧದಲ್ಲಿ ಜಿಲ್ವಪ್ಪ ಎದುರಾಳಿಗಳ ಗೋಲಿನತ್ತ ನುಗ್ಗಿದ. ಒಬ್ಬ ಅಡ್ಡ ಬಂದ, ಆದರೆ ಮೈ ತಾಕಲಿಲ್ಲ. ತಾಕದೆಯೇ ಜಿಲ್ವಪ್ಪ ಬಿದ್ದ. ಕೈ ಚಾಚಲಿಲ್ಲ, ಮುಖ ಅಡಿಯಾಗಿ ಬಿದ್ದ.

ದ್ಯಾಮವ್ವ ಎದ್ದು ನಿಂತಳು. ಸುತ್ತಲಿನ ಜನ ಮಾತ್ರ ಹೋ ಎಂದು ನಕ್ಕರು. ಬ್ರೆಜಿಲಿನವನಲ್ಲವೇ, ಪೆನಾಲ್ಟಿಗಾಗಿ ನಾಟಕ ಹೂಡಿದ್ದಾನೆ ಅಂದುಕೊಂಡರು. ರೆಫ್ರಿಗೂ ಹಾಗೇ ಅನ್ನಿಸಿತು. ಓಡಿಬಂದು, ಬಿದ್ದವನ ತಲೆಯ ಮೇಲೆ ಎಚ್ಚರಿಕೆಯ ಹಳದಿ ಕಾರ್ಡು ಎತ್ತಿ ಹಿಡಿದ. ಅಂಚಿನಲ್ಲಿ ನಿಂತ ಅವನ ಕೋಚೇ "ಏಳೋ, ಮಾನ ಕಳೀಬೇಡ" ಎಂದು ಇಂಗ್ಲಿಷಿನಲ್ಲಿ ಬೈದ. ಸ್ವಲ್ಪ ಹೊತ್ತಿಗೆ ಜಿಲ್ವಪ್ಪ ಅಲುಗಿದ. ಮೊಣಕಾಲೂರಿ ಎದ್ದ. ಮುಖ ಸುಣ್ಣವಾಗಿತ್ತು. ಆದರೂ ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ಹಲ್ಲು ಕಿರಿದು, ರೆಫ್ರಿಗೆ ಹೆಬ್ಬೆರಳು ತೋರಿಸಿದ. ಮೋಸಗಾರ ಅನ್ನಿಸಿಕೊಂಡರೂ ಸರಿ, ರೋಗಿ ಅನ್ನಿಸಿಕೊಳ್ಳಬಾರದು. ಅಷ್ಟು ಭಯ ಅವನಿಗೆ. ಆಟ ಮತ್ತೆ ಶುರುವಾಯಿತು. ಅವನು ಮತ್ತೆ ಓಡತೊಡಗಿದ.

ದ್ಯಾಮವ್ವನಿಗೆ ಆಮೇಲೆ ಏನಾಯಿತೋ ಅವಳಿಗೇ ನೆಟ್ಟಗೆ ನೆನಪಿಲ್ಲ. ಸೀರೆ ಎತ್ತಿಕಟ್ಟಿ ಬೇಲಿಯ ಗೇಟು ತಳ್ಳಿ ಮೈದಾನದೊಳಗೆ ನುಗ್ಗಿದ್ದಳು. "ನಿಲ್ಲಸ್ರೋ! ನಾಟಕ ಅಲ್ಲದು! ಹಾರ್ಟು! ಹಿಸ್ ಹಾರ್ಟು!" ಚೆಂಡು ಅವಳ ಕಾಲಬುಡದಲ್ಲೇ ಉರುಳಿಹೋಯಿತು. ರೆಫ್ರಿ ಸೀಟಿ ಊದಿದ. ಅವಳು ಕೋಚಿನ ತೋಳು ಹಿಡಿದು ಹಿಮದಲ್ಲಿ ಬಿದ್ದದ್ದು, ಫಿನ್ಲೆಂಡಿನ ಡಾಕ್ಟರು, ಅವನಪ್ಪ, ಎಲ್ಲವನ್ನೂ ತನ್ನ ಹರಕು ಇಂಗ್ಲಿಷಿನಲ್ಲಿ ಒದರಿಬಿಟ್ಟಳು. ಬಿಳಿ ಟೋಪಿಯವನು ಎದ್ದು ನಿಂತು ಕೇಳುತ್ತಿದ್ದ.

"ಅವ್ವಾ, ಬ್ಯಾಡ" ಅಂದ ಜಿಲ್ವಪ್ಪ, ಹತ್ತಿರ ಬಂದು. ಆಮೇಲೆ ಮೆಲ್ಲಗೆ, "ನನ್ನ ಕೊಂದಿ" ಅಂದ.

ಆಂಬುಲೆನ್ಸು ಬಂದು ಅವನನ್ನು ಕರೆದೊಯ್ದ ಮೇಲೆ ದ್ಯಾಮವ್ವನಿಗೆ ತಾನು ಆಣೆ ಮುರಿದದ್ದು ತಲೆಗೆ ಹತ್ತಿತು. ಮಗಳಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು, ಎತ್ತಲಿಲ್ಲ. ದೂರದಲ್ಲಿ ಇನ್ನೊಂದು ಸೈರನ್ನು ಕೇಳಿಸಿತು. ಪಾರ್ಕಿಂಗ್ ಲಾಟಿನ ಅಂಚಿನ ಕಟ್ಟೆಯ ಮೇಲೆ ಕುಸಿದು ಕೂತು, "ಯಪ್ಪಾ ಶಿವನ, ನಾ ಮಾತ ಮುರದೀನಿ, ನನ್ನ ಒಯ್ಯಿ, ಅಕಿನ್ನ ಮುಟ್ಟಬ್ಯಾಡ" ಅಂತ ಬಾಯಿಬಿಟ್ಟೇ ಅತ್ತಳು. ಕಾರುಗಳು ಒಂದೊಂದಾಗಿ ಹೋದವು. ಎಲ್ಲ ಹೋಗಿ ಲಾಟು ಬರಿದಾದ ಮೇಲೆ ಮಗಳ ಕಾರು ಒಳಗೆ ತಿರುಗಿತು.

"ಸಾರಿ ಅಮ್ಮಾ, ಫೋನ್ ಡೆಡ್ ಆಗಿತ್ತು. ವಾಟ್ ಹ್ಯಾಪನ್ಡ್?" ಅಂತ ದೀಪಶ್ರೀ ಇಳಿದಳು. ದ್ಯಾಮವ್ವ ಅವಳ ತಲೆ, ತೋಳು, ಬೆನ್ನು ತಡವಿ ತಡವಿ ನೋಡಿದಳು.

ಆಸ್ಪತ್ರೆಯವರು ಫಿನ್ಲೆಂಡಿನ ಡಾಕ್ಟರು ಹೇಳಿದ್ದನ್ನೇ ಹೇಳಿದರು. ಎದೆಯೊಳಗೆ ಒಂದು ಯಂತ್ರ ಕೂರಿಸಬೇಕು, ಪಂದ್ಯ ಆಡುವ ಮಾತೇ ಬೇಡ. ಜಿಲ್ವಪ್ಪ ಯಂತ್ರವೂ ಬೇಡ ಅಂದ. ಯುರೋಪಿನವನಿಂದ ಫೋನು ಬರಲಿಲ್ಲ. ಕ್ಲಬ್ಬಿನವರು ಒಳ್ಳೆಯ ಮಾತಾಡಿಯೇ ಕಳಿಸಿಕೊಟ್ಟರು. ಬೇಸ್‌ಮೆಂಟಿನಲ್ಲಿ ಉಳಿದಷ್ಟು ದಿನ ಅವನು ಮೇಲೆ ಬರಲಿಲ್ಲ. ದ್ಯಾಮವ್ವ ಮೆಟ್ಟಿಲ ಮೇಲಿಟ್ಟ ತಟ್ಟೆ ಇಟ್ಟ ಹಾಗೇ ಇರುತ್ತಿತ್ತು. ಹೊರಡುವ ದಿನ ಮುರಿಗೆಪ್ಪನ ಕೈ ಕುಲುಕಿದ, ದೀಪಶ್ರೀಗೆ ಬೈ ಅಂದ. ದ್ಯಾಮವ್ವನ ಮುಂದೆ ಹಾದು ಹೋಗುವಾಗ ತಲೆ ಎತ್ತಲಿಲ್ಲ.

ಎರಡು ವರ್ಷ ಸುದ್ದಿ ಇಲ್ಲ. ಊರಿಗೆ ಹೋಗಿ ಹುಡುಗರಿಗೆ ಆಟ ಕಲಿಸುತ್ತಿದ್ದಾನೆ ಅಂತ ದ್ಯಾಮವ್ವ ತನಗೆ ತಾನೇ ಹೇಳಿಕೊಂಡಿದ್ದಳು. 2019ರ ಬೇಸಿಗೆಯ ಒಂದು ಶುಕ್ರವಾರ, ರಾತ್ರಿ ಊಟವಾದ ಮೇಲೆ ಫೋನು ನೋಡುತ್ತಿದ್ದ ದೀಪಶ್ರೀ ಒಮ್ಮೆಲೇ ಎದ್ದು ಬಂದಳು. ಪರದೆಯನ್ನು ಅವ್ವನ ಮುಂದೆ ಹಿಡಿದಳು. ಥಾಯ್ಲೆಂಡಿನ ಸಣ್ಣ ಊರಿನ ಒಂದು ಕ್ಲಬ್ಬು. ಹೊಸ ಸ್ಟ್ರೈಕರ್, ಬ್ರೆಜಿಲ್ಲಿನಿಂದ. ಕೆಂಪು ಜರ್ಸಿ ಹಾಕಿ ನಗುತ್ತ ನಿಂತಿದ್ದ. ನಾಳೆ ಶನಿವಾರ ಮೊದಲ ಪಂದ್ಯ.

ದ್ಯಾಮವ್ವ ಚಿತ್ರವನ್ನು ದಿಟ್ಟಿಸಿದಳು. ಸೊರಗಿದ್ದ, ಕಣ್ಣ ಕೆಳಗೆ ಕಪ್ಪಾಗಿತ್ತು.

"ಆ ಕ್ಲಬ್ಬಿನವರ ಫೋನ್ ನಂಬರ ಐತೇನು ಅದರಾಗ?"

"ಅಮ್ಮಾ, ಡೋಂಟ್. ಹಿ ವಿಲ್ ನೆವರ್ ಫರ್ಗಿವ್ ಯು."

"ಬ್ಯಾಡ ಬಿಡವಾ. ಸಾಯೂ ತನಕಾ ನನ್ನ ಬೈಲಿ, ನನ್ನ ಮಾರಿ ನೋಡೂದು ಬ್ಯಾಡ. ಬೈಯಾಕ ಬದಕಿರಬೇಕಲ್ಲ ಅಂವಾ? ಹಚ್ಚು."

ದೀಪಶ್ರೀ ನಂಬರು ಒತ್ತಿ ಫೋನನ್ನು ಮೇಜಿನ ಮೇಲೆ ಇಟ್ಟಳು. ಗಂಟೆ ಹೊಡೆದು ಹೊಡೆದು ನಿಂತಿತು. ದ್ಯಾಮವ್ವ ಮತ್ತೆ ಹಚ್ಚಿಸಿದಳು. ಆಫೀಸಿಗೆ ಇನ್ನೂ ಯಾರೂ ಬಂದಿರಲಿಲ್ಲವೋ ಏನೋ. ಅಲ್ಲಿ ಆಗಲೇ ಶನಿವಾರ ಬೆಳಗಾಗಿತ್ತು.