ಮಲಗಿದ ಹಾರ್ಡ್ ಡಿಸ್ಕ್

ಕಾಪುವಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಸ್ಟುಡಿಯೊ. ಮದುವೆಗಳ ವಿಡಿಯೊ ತೆಗೆದು, ಕ್ಯಾಮೆರಾ ಕಾರ್ಡಿನಲ್ಲಿದ್ದುದನ್ನೆಲ್ಲ ಯುಎಸ್‌ಬಿ ಹಾರ್ಡ್ ಡಿಸ್ಕಿಗೆ ತುಂಬಿಸಿ, ಕಾರ್ಡನ್ನು ಅಳಿಸಿ, ಮರುದಿನದ ಮದುವೆಗೆ ಹೊರಡುವುದು ನನ್ನ ಕ್ರಮ. ವರ್ಷಗಟ್ಟಲೆ ಹೀಗೇ ನಡೆಯಿತು. ಹೊಸ ಡಿಸ್ಕ್ ಒಂದನ್ನು ತಂದ ಮೇಲೆ ನನ್ನ ತಲೆ ಕೆಟ್ಟುಹೋಯಿತು.

ಆಗ ಹೆಜಮಾಡಿಯ ಬ್ಯಾರಿ ಕುಟುಂಬವೊಂದರ ಮದುವೆಯನ್ನು ಎಡಿಟ್ ಮಾಡುತ್ತಿದ್ದೆ. ಹುಡುಗಿಯ ತಂದೆ ಗಲ್ಫಿನಲ್ಲಿದ್ದರು, ರಜೆ ಸಿಕ್ಕಿರಲಿಲ್ಲ. ನಿಖಾ ಮುಗಿದ ಕೂಡಲೇ ಅವರ ತಮ್ಮ ಮೊಬೈಲನ್ನು ಮದುಮಗನ ಮುಂದೆ ಹಿಡಿದಿದ್ದರು. ಆ ಅಂಗೈಯಷ್ಟು ಪರದೆಯಿಂದ ತಂದೆ ಅಳಿಯನಿಗೆ ಸಲಾಂ ಹೇಳಿ ಕಣ್ಣೊರೆಸಿಕೊಂಡರು. ಅದನ್ನು ನಾನು ತೀರಾ ಹತ್ತಿರದಿಂದ ತೆಗೆದಿದ್ದೆ. ಮರುದಿನವೇ ಆ ತಂದೆಯ ಫೋನ್ ಬಂತು.

"ಉಳಿದದ್ದು ನಿಧಾನ ಆದ್ರೂ ಅಡ್ಡಿಯಿಲ್ಲ, ಅದೊಂದು ತುಂಡು ಬೇಕು ಮಾರಾಯ್ರೆ. ಮಗಳ ಮದುವೆಯಲ್ಲಿ ನಾನು ಇದ್ದದ್ದು ಅಷ್ಟೇ ಅಲ್ವಾ?"

ಆದರೆ ಈ ಡಿಸ್ಕ್! ನಾನು ಚಹಾ ಕುಡಿದು ಬರುವುದರೊಳಗೆ ಅದರ ಗುಂಯ್ ಸದ್ದು ನಿಂತು, ದೀಪ ಆರಿರುತ್ತಿತ್ತು. ವಿಡಿಯೊ ಒತ್ತಿದರೆ ಕಂಪ್ಯೂಟರ್ ಕಲ್ಲಿನಂತೆ ಕೂರುತ್ತಿತ್ತು. ಒಮ್ಮೊಮ್ಮೆ ಡಿಸ್ಕೇ ಇಲ್ಲ ಎನ್ನುತ್ತಿತ್ತು. ಕಣ್ಣೆದುರೇ ಬಿದ್ದುಕೊಂಡಿದೆ, ಇಲ್ಲವಂತೆ!

ಉಡುಪಿಯ ಅಂಗಡಿಯವರು ಕೇಬಲ್ ಬದಲಿಸಿದರು. ಮಣಿಪಾಲದ ರಿಪೇರಿಯವರು, "ಎಂತ ಇಲ್ಲ, ಕರೆಂಟ್ ಉಳಿಸ್ಲಿಕ್ಕೆ ಅದು ಮಲಗ್ತದೆ" ಎಂದು ಕಂಪ್ಯೂಟರಿನಲ್ಲಿ ಏನೋ ಸೆಟ್ಟಿಂಗ್ ತಿದ್ದಿದರು. ಎರಡು ದಿನ ಎಚ್ಚರವಿತ್ತು, ಮೂರನೇ ದಿನ ಮತ್ತೆ ಮಲಗಿತು. ಕಾರ್ಕಳದಲ್ಲಿ ಸ್ಟುಡಿಯೊ ಇಟ್ಟಿರುವ ಗೆಳೆಯ ಹೆದರಿಸಿದ: "ಅದು ನಿದ್ದೆ ಅಲ್ಲ ಮಾರಾಯ, ಡಿಸ್ಕೇ ಹೋಗ್ತಾ ಉಂಟು." ಮೂವರಿಗೂ ತಲೆಯಾಡಿಸಿ ಬಂದೆ. ಯಾರನ್ನು ನಂಬುವುದೆಂದು ಈಗಲೂ ಗೊತ್ತಿಲ್ಲ.

ಹೆದರಿಕೆಯಿಂದ, ಆ ತುಂಡನ್ನು ಮೊದಲು ಕಳಿಸಿಬಿಡೋಣ ಎಂದು ಅದನ್ನು ಡಿಸ್ಕಿನಲ್ಲೇ ಬೇರೆ ಫೋಲ್ಡರಿಗೆ ಸರಿಸಿದೆ. ಅಷ್ಟರಲ್ಲಿ ಗುಡುಗಿತು. ಹಿಂದೊಮ್ಮೆ ಸಿಡಿಲಿಗೆ ಟೀವಿ ಸುಟ್ಟಾಗಿನಿಂದ, ಮೊದಲ ಗುಡುಗಿಗೇ ನಮ್ಮ ಮನೆಯ ಪ್ಲಗ್ಗುಗಳೆಲ್ಲ ಕಳಚಬೇಕು. "ಎಲ್ಲ ತೆಗೆ!" ಎಂದು ಅಮ್ಮ ಒಳಗಿನಿಂದ ಕೂಗಿದರು. ಡಿಸ್ಕಿನಲ್ಲಿ ಸದ್ದಿಲ್ಲ, ದೀಪವಿಲ್ಲ. ಕ್ರಮಪ್ರಕಾರ ಕಳಚಲು ಹೋದರೆ, ಡಿಸ್ಕ್ ಬಳಕೆಯಲ್ಲಿದೆ ಎಂದಿತು ಕಂಪ್ಯೂಟರ್. ಗೊರಕೆ ಹೊಡೆಯುವುದು ಎಂಥ ಬಳಕೆ? ಸಿಟ್ಟು ನೆತ್ತಿಗೇರಿ ಕೇಬಲನ್ನು ಎಳೆದೇಬಿಟ್ಟೆ.

ಗುಡುಗು ಘಟ್ಟದ ಕಡೆ ಸರಿಯಿತು. ಒಂದು ಹನಿಯೂ ಬೀಳಲಿಲ್ಲ. ಮತ್ತೆ ಜೋಡಿಸಿದಾಗ ಊಟ, ದಫ್ ಬಡಿತ, ನೆಂಟರಿಷ್ಟರು ಎಲ್ಲ ಸರಿಯಾಗಿತ್ತು. ಹೊಸ ಫೋಲ್ಡರಿನಲ್ಲಿ ಮಾತ್ರ ಆ ತುಂಡಿನ ಹೆಸರಿತ್ತು, ಒಳಗೆ ಏನೂ ಇರಲಿಲ್ಲ; ಹಳೆಯ ಜಾಗದಲ್ಲೂ ಇರಲಿಲ್ಲ. ಡಿಸ್ಕ್ ಹೊತ್ತುಕೊಂಡು ಮಣಿಪಾಲಕ್ಕೆ ಓಡಿದೆ.

"ದೀಪ ಆರಿದೆ ಅಂತ ಎಳೆದ್ರಾ? ಮಲಗಿದ್ರೂ ಅದರ ಕೆಲಸ ಬಾಕಿ ಇರ್ತದೆ" ಎಂದರು ರಿಪೇರಿಯವರು. ಮೂರು ದಿನ ಹುಡುಕಿದರು. ಸಿಗಲಿಲ್ಲ.

ತಪ್ಪು ಡಿಸ್ಕಿನದೋ, ಗುಡುಗಿನದೋ, ನನ್ನ ಕೈಯದೋ? ನನ್ನದೇ ಇರಬೇಕು. ಹುಡುಗಿಯ ತಂದೆಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಉಳಿದದ್ದನ್ನು ಚೆಂದ ಮಾಡಿ ಕಳಿಸಿದೆ.

ಒಂದು ವಾರದ ಮೇಲೆ ಗಲ್ಫಿನಿಂದ ಫೋನ್.

"ಭಾರೀ ಲಾಯಕ್ ಆಗಿದೆ ಮಾರಾಯ್ರೆ. ರೂಮಿನವರನ್ನೆಲ್ಲ ಕೂರಿಸಿ ಎರಡು ಸಲ ನೋಡಿದೆ. ನಾನು ಬರುವುದು ಎಷ್ಟನೇ ನಿಮಿಷಕ್ಕೆ?"