ಅರ್ಧ ಗ್ಲಾಸು ನೀರು

ಔರಾದಿನ ಚರ್ಚ್ ಅಂಗಳದಲ್ಲಿ ವಿಶೇಷ ಮಕ್ಕಳಿಗಾಗಿ ಬೇಸಿಗೆ ಶಿಬಿರ ನಡೆಸುತ್ತಿದ್ದ ನಿವೃತ್ತ ನರ್ಸಮ್ಮ ತಾಯಂದಿರನ್ನು ಏನೂ ಕೇಳುತ್ತಿರಲಿಲ್ಲ. "ನೀವು ಸುಮ್ನ ಕೂಡ್ರಿ. ಕೂಸಿಗಿ ಕೇಳ್ತೇನಿ," ಎನ್ನುತ್ತ ಮಣ್ಣು, ಬಣ್ಣ, ನೀರಿನ ಬೋಗುಣಿ ಮುಂದಿಡುತ್ತಿದ್ದರು. ಮಗು ಮುಟ್ಟಿದ್ದೇ ಅದರ ಬೇಸಿಗೆಯ ಆಟ. ಮಾತು ಬಾರದ ನನ್ನ ಮಗಳು ನೀರಿಗೆ ಕೈಹಾಕಿ ನಕ್ಕಳು. ಮರುದಿನವೇ ಗೇಟಿನ ಬಳಿ, ಬೇವಿನ ನೆರಳಲ್ಲಿ, ಮಕ್ಕಳದೇ ಒಂದು ಅರವಟಿಗೆ ಶುರುವಾಯಿತು.

ಠಾಣಾ ಕುಶನೂರ ಬಸ್ಸಿನಿಂದ ಇಳಿದ ಮುದುಕರೊಬ್ಬರತ್ತ ಮಗಳು ತುಂಬಿದ ಗ್ಲಾಸು ಹಿಡಿದು ನಡೆದಳು. ದಾರಿಯಲ್ಲೇ ಅರ್ಧ ಚೆಲ್ಲಿತು. ಗ್ಲಾಸು ಇಸಿದುಕೊಳ್ಳಲು ನಾನು ಎದ್ದೆ. ನರ್ಸಮ್ಮ ನನ್ನ ಸೆರಗು ಹಿಡಿದೆಳೆದರು: "ನೀವು ಸುಮ್ನ ಕೂಡ್ರಿ."

ಮುದುಕರು ಉಳಿದದ್ದನ್ನು ಕುಡಿದು, ಗ್ಲಾಸನ್ನು ಅವಳ ಕೈಗೇ ಕೊಟ್ಟರು. "ಇನ್ನೊಂದು ಕೊಡವ್ವ."

ಈ ಸಲ ನಾನು ಏಳಲಿಲ್ಲ. ಕೂತಲ್ಲಿಂದಲೇ ಮುದುಕರಿಗೆ ಗಟ್ಟಿಯಾಗಿ ಹೇಳಿದೆ: "ಅಕಿ ನನ್ನ ಮಗಳ್ರಿ."