ಆಪರೇಷನ್ನಿಗೆ ಒಪ್ಪಿದರೆ ಮಾತ್ರ

ಎಪ್ಪತ್ತರ ದಶಕದ ಕೊನೆ. ನಾನು ಅಜ್ಜಂಪುರದಲ್ಲಿ ಸರ್ಕಾರಿ ಪ್ರೈಮರಿ ಶಾಲೆಯ ಟೀಚರ್, ನನ್ನ ಗಂಡನದು ಸೈಕಲ್ ಶಾಪು. ಮಗಳಿಗೆ ಎರಡು ವರ್ಷ. ಮತ್ತೆ ಬಸಿರಾದಾಗ, ಬೋರ್ಡಿನ ಮೇಲೆ ಒಂದು ಸಾಲು ಬರೆಯುವಷ್ಟರಲ್ಲಿ ಏದುಸಿರು ಬರತೊಡಗಿತು. ತರೀಕೆರೆಯ ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಚಿಕ್ಕಂದಿನ ಕೀಲುಜ್ವರ ಹೃದಯದ ಕವಾಟವನ್ನು ಕೆಡಿಸಿತ್ತಂತೆ.

“ಇದನ್ನ ಉಳಿಸ್ಕೊಂಡ್ರೆ ನೀವು ಉಳಿಯಲ್ಲಮ್ಮ. ಮೂರು ತಿಂಗಳು ತುಂಬೋದ್ರೊಳಗೆ ತೆಗೆಸಿಬಿಡಿ. ಈಗ ಕಾನೂನೇ ಇದೆ. ಸರ್ಕಾರಿ ಆಸ್ಪತ್ರೇಲಿ ದುಡ್ಡು ಕೇಳಲ್ಲ” ಎಂದು ಚೀಟಿ ಬರೆದುಕೊಟ್ಟರು. ಹೊಟ್ಟೆ ಕೊಯ್ಯುವ ಯಾವ ಆಪರೇಷನ್ನನ್ನೂ ಈಗ ನನ್ನ ಹೃದಯ ತಡೆಯಲಾರದು ಎಂದೂ ಅದರಲ್ಲಿ ಬರೆದಿದ್ದರು.

ನಾವು ಹೋದ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್ ಆ ಚೀಟಿಯನ್ನು ಪೂರ್ತಿ ಓದಲಿಲ್ಲ. “ಜೊತೆಗೇ ಮಕ್ಕಳಾಗದ ಆಪರೇಷನ್ನೂ ಮಾಡಿಸ್ಕೋಬೇಕು ಕಣಮ್ಮ. ಬರೀ ಇದೊಂದನ್ನ ಪುಕ್ಕಟೆ ಮಾಡಲ್ಲ. ತಿಂಗಳಿಗೆ ಇಷ್ಟು ಆಪರೇಷನ್ ಅಂತ ನಮಗೂ ಟಾರ್ಗೆಟ್ ಇದೆ.”

“ನನಗೆ ಆಪರೇಷನ್ ಮಾಡಬಾರದು ಅಂತ ಬರೆದಿದೆಯಲ್ಲ ಸಿಸ್ಟರ್?”

“ಹಂಗಾದ್ರೆ ಪ್ರೈವೇಟಲ್ಲಿ ನೋಡ್ಕೊಳಿ.”

ಪ್ರೈವೇಟಿನಲ್ಲಿ ಮಾಡಿಸಿದರೆ ಬಿಲ್ಲು ಪಾಸಾಗುತ್ತದೆಯೇ ಎಂದು ನಮ್ಮ ಇಲಾಖೆಯ ಆಫೀಸಿನಲ್ಲಿ ಕೇಳಿದೆ. ಗುಮಾಸ್ತರು ನಾಲ್ಕು ಜನರೆದುರು ಗಟ್ಟಿಯಾಗಿ ಹೇಳಿದರು: “ಕಾಯಿಲೆಗಾದ್ರೆ ಕೊಡ್ತೀವಿ, ಹೆರಿಗೆಗಾದ್ರೆ ಕೊಡ್ತೀವಿ. ಇದು ನೀವಾಗೇ ತೆಗೆಸೋದು ಕಣ್ರೀ.” ನಾನು ತಲೆತಗ್ಗಿಸಿ ಹೊರಬಂದೆ. ಮನೆಯಲ್ಲಿ ಅತ್ತೆ, ಏನೂ ತಿಳಿಯದೆ, “ಈ ಸಲ ಗಂಡೇ” ಎಂದು ನನ್ನ ತಟ್ಟೆಗೆ ತುಪ್ಪ ಬಡಿಸುತ್ತಿದ್ದರು. ದಿನ ಕಳೆಯುತ್ತಿತ್ತು.

ಮೂರನೆಯ ಸಲ ಆಸ್ಪತ್ರೆಗೆ ಹೋದಾಗ ನನ್ನ ಗಂಡ ಬೆಂಚಿನಿಂದ ಎದ್ದು, “ಆಪರೇಷನ್ ಇಬ್ಬರಲ್ಲಿ ಯಾರಿಗಾದ್ರೂ ಆಗುತ್ತಾ ಸಿಸ್ಟರ್? ಹಂಗಾದ್ರೆ ನಂಗೇ ಮಾಡ್ಬಿಡಿ” ಎಂದರು. ಕೆಲವೇ ವರ್ಷಗಳ ಹಿಂದೆ, ಎಮರ್ಜೆನ್ಸಿಯಲ್ಲಿ, ಗಂಡಸರನ್ನು ಎಳೆದೊಯ್ಯುವ ಆಪರೇಷನ್ ಜೀಪು ಬಂತೆಂದರೆ ರಾಗಿ ಹೊಲದಲ್ಲಿ ಅಡಗುತ್ತಿದ್ದ ಮನುಷ್ಯ ಇವರು. ಸಿಸ್ಟರ್ ಕೂಡಲೇ ಫಾರಂ ತೆಗೆದರು.

ಎರಡು ದಿನದಲ್ಲಿ ಇಬ್ಬರದೂ ಮುಗಿಯಿತು. ನಾನು ಬದುಕಿಕೊಂಡೆ. ಊರಿಗೆ ಮರಳುವ ಬಸ್ಸಿನಲ್ಲಿ ನನ್ನ ಗಂಡ ಮೆಲ್ಲಗೆ ಹೇಳಿದರು: “ನಂದು ಅಮ್ಮಂಗೆ ಗೊತ್ತಾಗೋದು ಬೇಡ ಕಣೇ. ಜೀವ ಬಿಟ್ಬಿಡ್ತಾಳೆ.” ಬಸಿರು ತಾನಾಗಿ ಇಳಿದುಹೋಯಿತೆಂದು ಅತ್ತೆಗೆ ಹೇಳಿದೆವು.

ವರ್ಷಗಳಾದವು. ಅತ್ತೆ ಮೊಮ್ಮಗನಿಗಾಗಿ ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತರು. ಆಮೇಲೆ ನನ್ನೆದುರಿಗೇ ಮಗನಿಗೆ, “ಇವಳ ಕೈಲಿ ಆಗಲ್ಲ, ಇನ್ನೊಂದು ಮದ್ವೆ ಮಾಡ್ಕೊಳೋ” ಅನ್ನತೊಡಗಿದರು. ನನ್ನ ಗಂಡ ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದು ಎದ್ದುಹೋಗುತ್ತಿದ್ದರು. ಒಂದು ದಿನ ಕಾಡಿ ಬೇಡಿದೆ: “ಒಂದ್ಸಲ ನಿಜ ಹೇಳಿಬಿಡಿ.”

“ಊರಲ್ಲಿ ನಾನು ತಲೆ ಎತ್ಕೊಂಡು ತಿರುಗೋದು ಬೇಡ್ವಾ?”

ಜೀವ ಉಳಿಸಿದವರ ಮೇಲೆ ಯಾವ ಬಾಯಲ್ಲಿ ಜಗಳವಾಡಲಿ? ಸಿಟ್ಟು ನುಂಗಿಕೊಂಡು ಅತ್ತೆಗೆ ಬಡಿಸುತ್ತಲೇ ಇದ್ದೆ. ಎಂಬತ್ತರ ದಶಕದಲ್ಲಿ ಅವರು ಹಾಸಿಗೆ ಹಿಡಿದಾಗಲೂ ಸೇವೆ ಮಾಡಿದವಳು ನಾನೇ. ಮೊಮ್ಮಗನನ್ನು ಕೊಡದವಳೆಂದು ನನ್ನನ್ನು ಬೈಯುತ್ತಲೇ ಅವರು ತೀರಿಕೊಂಡರು.